ಅವನ್ಯಾಕೆ ತಟ್ಟೆ ಎತ್ತಲ್ಲ?

ಪ್ರಶ್ನೆ: ನನಗೆ ಹತ್ತು ವರ್ಷದ ಮಗಳು, ಎಂಟು ವರ್ಷದ ಮಗ. ಊಟ ಆದ ಮೇಲೆ ತಟ್ಟೆ ಎತ್ತುವುದು, ನೆಲ ಒರೆಸುವುದು ಮಗಳ ಪಾಲಿಗೆ. ಮಗ ಟಿವಿ ಮುಂದೆ ಕೂರುತ್ತಾನೆ. ಅತ್ತೆಯವರು "ಬೇರೆ ಮನೆಗೆ ಹೋಗೋಳು, ಕಲೀಲಿ" ಅನ್ನುತ್ತಾರೆ. "ಅವನ್ಯಾಕೆ ಎತ್ತಲ್ಲ?" ಎಂದು ಮಗಳು ಕೇಳುತ್ತಾಳೆ. ಅವಳಿಗೆ ಮನೆಗೆಲಸ ಹೇಳುವುದನ್ನೇ ನಿಲ್ಲಿಸಲೇ?
— ಓದುಗರೊಬ್ಬರು, ಹಾಸನ

ಉತ್ತರ: ನಿಲ್ಲಿಸಬೇಡಿ. ಕಸ, ಅಡುಗೆ, ಬಟ್ಟೆ ಬರದಿದ್ದರೆ ನಾಳೆ ಹಾಸ್ಟೆಲಿನಲ್ಲಿ ಒದ್ದಾಡುವವಳು ಅವಳೇ. ಮಗನಿಗೂ ಹೇಳಿ. ಮಗಳು ಕೇಳಿದ್ದನ್ನು ಎದುರುತ್ತರ ಅಂತ ಗದರಬೇಡಿ, "ನೀನು ಕೇಳಿದ್ದು ಸರಿ" ಅನ್ನಿ.

ಎಂಟು ವರ್ಷದ ಹುಡುಗನಿಗೆ ತನ್ನ ತಟ್ಟೆ ತೊಳೆದಿಡಲು ಬರುತ್ತದೆ. ಆದರೆ ಅಪ್ಪ ತಟ್ಟೆ ಬಿಟ್ಟು ಎದ್ದರೆ ಅವನು ಎಷ್ಟು ದಿನ ತೊಳೆದಾನು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೈ ಹಾಕುವ ಗಂಡಸರ ಲೆಕ್ಕ, ಹಾಕದವರು ಇದರಲ್ಲಿ ಇಲ್ಲ! ಮೊದಲು ನಿಮ್ಮವರ ಜೊತೆ ಮಾತಾಡಿ. ಅತ್ತೆಯವರಿಗೆ ಹೇಳಬೇಕಾದವರೂ ಅವರೇ. ಸೊಸೆ ಹೇಳಿದರೆ ಜಗಳವಾಗುತ್ತದೆ, ಅಲ್ವಾ?

"ಬೇರೆ ಮನೆಗೆ ಹೋಗೋಳು" ಅನ್ನುವುದನ್ನು ಮಾತ್ರ ಸುಮ್ನೆ ಬಿಡಬೇಡಿ. ತಟ್ಟೆಗಿಂತ ದೊಡ್ಡ ವಿಷಯ ಇದು. ಆಸ್ತಿ ಭಾಗವಾಗುವಾಗ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಸೀರೆ, ಒಂದಿಷ್ಟು ದುಡ್ಡು ಕೊಟ್ಟು ಕಳಿಸುವುದು ನಮ್ಮಲ್ಲಿ ಮಾಮೂಲಿ. ಅವರೂ ಚಿಕ್ಕಂದಿನಿಂದ ಇದೇ ಮಾತು ಕೇಳಿ ಬೆಳೆದವರು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ತಡೆಯೂ ಹೋಯಿತು. ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು.

ಹತ್ತರ ಹುಡುಗಿಗೆ ಕಾಯ್ದೆಯ ಪಾಠ ಬೇಕಿಲ್ಲ. "ಈ ಮನೆ ನಿಂದೂ ಹೌದು, ತಮ್ಮಂದೂ ಹೌದು" ಎಂದು ಅಜ್ಜಿಯ ಎದುರೇ ಅವಳಪ್ಪ ಹೇಳಲಿ. ಅತ್ತೆಯವರು ಎರಡು ದಿನ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಇನ್ನು ನಿಮ್ಮ ತವರಿನ ಮಾತು. ಅಲ್ಲಿ ಭಾಗದ ವಿಷಯ ಬಂದಾಗ ನೀವೇನು ಮಾಡುತ್ತೀರಿ ಎಂದು ಮಗಳು ನೋಡುತ್ತಾಳೆ. ಪಾಲು ತೆಗೆದುಕೊಳ್ಳುವುದು, ಬಿಡುವುದು ನಿಮ್ಮಿಷ್ಟ. ಆದರೆ ಅಣ್ಣತಮ್ಮಂದಿರು ಬೇಜಾರಾಗುತ್ತಾರೆಂದು ಪತ್ರ ಓದದೆ, ವಕೀಲರನ್ನು ಕೇಳದೆ ಸಹಿ ಹಾಕಬೇಡಿ.