ಫಾರಿನ್ ದುಡ್ಡಿನ ಹಾಸ್ಟೆಲ್ ಶಾಲೆಗೆ ಸೇರಿಸುವ ಮೊದಲು

ಅಕ್ಕಾ, ಸಿಂಧನೂರು ಕಡೆಯ ಉಚಿತ ಹಾಸ್ಟೆಲ್ ಶಾಲೆಗೆ ತಂಗಿಯ ಮಗಳನ್ನು ಸೇರಿಸಬೇಕು, ಫಾರಿನ್ ದುಡ್ಡಿನಲ್ಲಿ ನಡೆಯುತ್ತೆ, ಏನು ನೋಡಬೇಕು ಅಂತ ಕೇಳಿದ್ದೀರಿ.

ಕಟ್ಟಡ ನೋಡಿ ಮರುಳಾಗಬೇಡಿ. ಹೇಳದೆ ಕೇಳದೆ ಒಂದು ಸಂಜೆ ಹೋಗಿ. ನಾನು ಇಂಥದ್ದೇ ಒಂದು ಕಡೆ ಹೋಗಿದ್ದೆ. ಗೋಡೆ ತುಂಬ ದಾನಿಗಳ ಫೋಟೊ. ಹೆಣ್ಣುಮಕ್ಕಳ ಬಚ್ಚಲಿನ ಬಾಗಿಲಿಗೆ ಒಳಗಿನ ಚಿಲಕವೇ ಇರಲಿಲ್ಲ! ಕೇಳಿದರೆ "ಮುಂದಿನ ತಿಂಗಳು ಹಾಕಿಸ್ತೀವಿ" ಅಂದರು. ನಮ್ಮ ಹುಡುಗಿಯನ್ನು ವಾಪಸ್ ಕರೆದುಕೊಂಡು ಬಂದೆ.

ಹೊರಗಿನಿಂದ ಬರುವ ಅತಿಥಿಗಳು, ವಾಲಂಟಿಯರ್‌ಗಳು ರಾತ್ರಿ ಎಲ್ಲಿ ಉಳಿಯುತ್ತಾರೆ? ಮಗುವನ್ನು ಒಂಟಿಯಾಗಿ ಅವರ ಜೊತೆ ಕಳಿಸುತ್ತಾರಾ? ಮಗು ತಾನೇ ಮನೆಗೆ ಫೋನ್ ಮಾಡಬಹುದಾ? ನೇರವಾಗಿ ಕೇಳಿ. ಎಫ್‌ಸಿಆರ್‌ಎ ನೋಂದಣಿ ತೋರಿಸಿದರೆ ಸಾಲದು. ಅದು ವಿದೇಶಿ ದುಡ್ಡಿನ ಲೆಕ್ಕಕ್ಕೆ, ಮಗುವಿನ ಸುರಕ್ಷತೆಗಲ್ಲ.

ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. "ಸಂಸ್ಥೆ ಹೆಸರು ಕೆಡುತ್ತೆ, ಒಳಗೇ ಬಗೆಹರಿಸೋಣ" ಅಂದರೆ ಒಪ್ಪಲೇಬೇಡಿ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆ ಇದೆ, ಹೆದರಬೇಡಿ.

ರಜೆಗೆ ಬಂದಾಗ ಮಾರ್ಕ್ಸ್ ಆಮೇಲೆ ಕೇಳಿ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಸುಮ್ನೆ ಮಾತಾಡಿಸಿ ಅಕ್ಕಾ.