ಪಕ್ಕದಲ್ಲಿ ಬಂದು ನಿಲ್ಲುವ ಕರ್ಸರ್

"ತಂಡದ ಫೈಲ್ ತೆರೆದರೆ ಕೈಯೇ ಓಡಲ್ಲ." ಈ ಮಾತನ್ನು ಈಗೀಗ ಜಾಸ್ತಿ ಕೇಳುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಯದು ಐದು ಜನರ ತಂಡ. ಎಲ್ಲರೂ ದೂರದೂರ ಕೂತು ಗೂಗಲ್ ಡಾಕ್ಸ್‌ನಲ್ಲಿ ಒಂದೇ ವರದಿ ಬರೆಯುವವರು. ನಿದ್ದೆ ಬರಲ್ಲ ಅಂತ ನನ್ನ ಬಳಿ ಬಂದಿದ್ದರು. ಮೊದಲ ಎರಡು ಭೇಟಿ ನಿದ್ದೆಯ ಮಾತಿನಲ್ಲೇ ಮುಗಿದವು. ಆ ತಪ್ಪು ನನ್ನದೇ.

ಮೂರನೇ ಸಲ, ರಾತ್ರಿ ಎರಡು ಗಂಟೆಗೆ ಎದ್ದು ಏನು ಮಾಡ್ತೀರಿ ಅಂತ ಕೇಳಿದೆ.

"ಬರೀತೀನಿ. ಆಗ ಫೈಲಲ್ಲಿ ಯಾರೂ ಇರಲ್ಲ."

ಹಗಲಲ್ಲಿ?

"ವಾಕ್ಯ ಮುಗಿಯೋ ಮೊದಲೇ ನಮ್ಮ ಟೀಮ್ ಲೀಡ್ ಅವರ ಕರ್ಸರ್ ಬಂದು ಪಕ್ಕದಲ್ಲಿ ನಿಲ್ಲುತ್ತೆ. ಸುಮ್ನೆ ಮಿಟುಕ್ತಾ ಇರುತ್ತೆ. ಆಮೇಲೆ ನಾನು ಬರೆದದ್ದು ಕೊನೆಯಿಂದ ಒಂದೊಂದೇ ಅಕ್ಷರ ಮಾಯ."

ಲ್ಯಾಪ್‌ಟಾಪ್ ಜೊತೆಗೇ ಇತ್ತು. ವರ್ಷನ್ ಹಿಸ್ಟರಿ ತೆರೆಯಲು ಹೇಳಿದೆ. ಅಲ್ಲಿ ಒಬ್ಬೊಬ್ಬರ ತಿದ್ದುಪಡಿಗೆ ಒಂದೊಂದು ಬಣ್ಣ, ಅಳಿಸಿದ್ದರ ಮೇಲೆ ಗೆರೆ. ಆಕೆ ಹಿಂದಕ್ಕೆ ಹೋಗುತ್ತಾ ಹೋದರು. ಆ ಲೀಡ್ ಆಕೆಯ ಸಾಲುಗಳಿಗಿಂತ ತನ್ನವನ್ನೇ ಹೆಚ್ಚು ಹೊಡೆದುಹಾಕಿದ್ದರು. ಒಂದು ಪ್ಯಾರಾವನ್ನಂತೂ ಮೂರು ಸಲ ಬರೆದು ಮೂರು ಸಲ ಅಳಿಸಿದ್ದರು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ತಪ್ಪು ನನ್ನದೇ, ಅಲ್ವಾ?" ಅಂದರು.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸಾಕ್ಷಿ ತೋರಿಸಿ ಸಮಾಧಾನ ಮಾಡಲು ಹೋಗಿ, ಆಕೆಯ ಕೈಗೆ ಇನ್ನೊಂದು ಕೋಲು ಕೊಟ್ಟಿದ್ದೆ.

ಇಲ್ಲ ಅಂದೆ. ಅವರಿಗೆ ಆ ಪುಟ ಸ್ಲೇಟು, ನಿಮಗೆ ಉತ್ತರಪತ್ರಿಕೆ. ಯಾವುದು ಅಂತ ತಂಡದಲ್ಲಿ ಯಾರೂ ಮಾತಾಡಿಕೊಂಡಿಲ್ಲ, ಅಷ್ಟೇ.

ಕೊಟ್ಟ ಸಲಹೆ ಇಷ್ಟು. ಮೊದಲ ಕರಡನ್ನು ನಿಮ್ಮದೇ ಬೇರೆ ಫೈಲಲ್ಲಿ ಬರೆಯಿರಿ. ತಂಡದ ಫೈಲಿಗೆ ಹಾಕಿದ ಮೇಲೆ ಎರಡು ದಿನ ಎಲ್ಲರೂ ಸಜೆಷನ್ ಮೋಡ್‌ನಲ್ಲೇ, ಅಂದರೆ ತಿದ್ದಿದ್ದು ಬರೀ ಸಲಹೆಯಾಗಿ ಕಾಣುವ ಹಾಗೆ, ತಿದ್ದಲಿ ಅಂತ ಕೇಳಿ. ಆಗ ನಿಮ್ಮ ಸಾಲು ಮಾಯವಾಗಲ್ಲ, ಒಪ್ಪುವುದೋ ಬಿಡುವುದೋ ಕೂತು ಮಾತಾಡಬಹುದು. ಲೀಡ್‌ಗೆ ದೂರು ಬೇಡ, "ಬರೆಯುವಾಗ ನೋಡಿದರೆ ಬರೆಯಲು ಆಗಲ್ಲ" ಅನ್ನುವ ಒಂದೇ ಮಾತು ಸಾಕು.

"ಆತಂಕಕ್ಕೆ ಸೆಟ್ಟಿಂಗ್ ಬದಲಿಸೋದು ಚಿಕಿತ್ಸೆಯಾ?" ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ನಾಲ್ಕು ಜನ ನೋಡುತ್ತಿದ್ದರೆ ಚೆನ್ನಾಗಿ ರೂಢಿಯಾದ ಕೆಲಸ ಸಲೀಸಾಗುತ್ತದೆ, ಇನ್ನೂ ಕೈಗೆ ಕೂರದ ಕೆಲಸ ಎಡವುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1965ರಲ್ಲೇ ಬರೆದಿದ್ದರು. ಮೊದಲ ಕರಡು ಎರಡನೇ ಜಾತಿಯದು. ಎಲ್ಲವನ್ನೂ ಎಲ್ಲರೆದುರೇ ಬರೆಯುವುದು ಪಾರದರ್ಶಕತೆ ಅಂತ ನಂಬಿರುವ ತಂಡಗಳಿಗೆ ನನ್ನ ಮಾತು ಹಿಡಿಸಲ್ಲ, ಗೊತ್ತು. ಆದರೆ ಫೈಲ್ ಎಲ್ಲರದಾದರೆ ಯೋಚನೆ ಹುಟ್ಟುವ ಗಳಿಗೆಯೂ ಎಲ್ಲರದಾಗಬೇಕಿಲ್ಲ.

ಮೂರು ವಾರದ ನಂತರ ಆಕೆ ಮತ್ತೆ ಬಂದರು. ನಿದ್ದೆ ಪರವಾಗಿಲ್ಲವಂತೆ. ಲೀಡ್ ಕೇಳಿದ ಕೂಡಲೇ ಒಪ್ಪಿದ್ದರಂತೆ.

"ಈಗ ಬೇರೆ ತಲೆನೋವು. ಎರಡು ದಿನ ಆದ್ರೂ ಒಬ್ಬರೂ ಒಂದು ಕಾಮೆಂಟ್ ಹಾಕಲ್ಲ. ಓದಿದ್ರೋ ಇಲ್ವೋ?"

"ಕೇಳಿದ್ರಾ?"

"ಇಲ್ಲ" ಅಂದು ನಕ್ಕರು.