ಅಣ್ಣ ಹೋದ ಮೇಲೆ ನಾನು ಓದಿದ್ದು, ಓದಲಾಗದೆ ಬಿಟ್ಟಿದ್ದು

ನಿಮ್ಮ ಪ್ರಶ್ನೆ ಇದು: "ಏಳು ತಿಂಗಳ ಹಿಂದೆ ತಮ್ಮ ಆತ್ಮಹತ್ಯೆ ಮಾಡಿಕೊಂಡ. ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ನನಗೂ ಯಾವುದರಲ್ಲೂ ಮನಸ್ಸಿಲ್ಲ. ಇದರಿಂದ ಹೊರಗೆ ಬರಲು ಯಾವ ಪುಸ್ತಕ ಓದಬೇಕು? ಕನ್ನಡದ್ದಾದರೆ ಅಮ್ಮನಿಗೂ ಕೊಡಬಹುದು."

ನನ್ನ ಅಣ್ಣ ಹೀಗೇ ಹೋಗಿದ್ದು 2014ರಲ್ಲಿ. ಆಗ ಅವನಿಗೆ ಇಪ್ಪತ್ತೊಂಬತ್ತು, ನನಗೆ ಇಪ್ಪತ್ತಾರು. ನಾನು ಡಾಕ್ಟರೂ ಅಲ್ಲ, ಸಾಹಿತಿಯೂ ಅಲ್ಲ. ತಿಪಟೂರಿನಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ನನಗೆ ಕೈಹಿಡಿದ ಪುಸ್ತಕ ಯಾವುದು, ಎತ್ತಿ ಗೋಡೆಗೆ ಎಸೆಯಬೇಕು ಅನ್ನಿಸಿದ್ದು ಯಾವುದು, ಅಷ್ಟು ಹೇಳಬಲ್ಲೆ.

ಓದೋಕೇ ಆಗ್ತಿಲ್ಲ ಅಂದ್ರೆ ಮೊದಲು ಗಾಬರಿಯಾಗಬೇಡಿ. ನಾನು ಚಿಕ್ಕಂದಿನಿಂದ ಪುಸ್ತಕದ ಹುಳು. ಆದರೆ ಅಣ್ಣ ಹೋದ ಮೇಲೆ ಐದಾರು ತಿಂಗಳು ಒಂದು ಪುಟ ದಾಟಲಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಶುರು ಮರೆತುಹೋಗಿರುತ್ತಿತ್ತು. ಆಗ ಓದೋಕೆ ಆಗ್ತಿದ್ದದ್ದು ಒಂದೇ, ಪೇಪರಿನಲ್ಲಿ ಬರುವ ಒಡವೆ ಹರಾಜಿನ ನೋಟಿಸು. ಸಾಲದ ನಂಬರು, ಇಷ್ಟು ಗ್ರಾಂ, ಇಂಥ ತಾರೀಖು. ಅದರಲ್ಲಿ ಯಾರೂ ಸಾಯೋದಿಲ್ಲ, ಅದಕ್ಕೇ ಇರಬೇಕು. ನಿಮಗೂ ಹಾಗಾಗಿದ್ದರೆ ಪುಸ್ತಕ ಪಕ್ಕಕ್ಕಿಡಿ. ಅದೇನು ಓಡಿಹೋಗಲ್ಲ.

ಜನ ತಾವಾಗಿಯೇ ತಂದುಕೊಡುವ ಪುಸ್ತಕಗಳ ಬಗ್ಗೆ ಸ್ವಲ್ಪ ಹುಷಾರಾಗಿರಿ. ನಮ್ಮ ಮನೆಗೆ ಬಂದ ಮೊದಲ ಪುಸ್ತಕ ಗರುಡ ಪುರಾಣ. ಸೂತಕದಲ್ಲಿ ಓದಿಸೋದು ಪದ್ಧತಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಓದಲು ಬಂದವರು ದುರ್ಮರಣಕ್ಕೀಡಾದವರ ಗತಿ ಏನಾಗುತ್ತದೆ ಅನ್ನುವ ಭಾಗವನ್ನೂ ಬಿಡದೆ, ರಾಗವಾಗಿ ಓದಿ ಅರ್ಥ ಹೇಳಿದರು. ಅಮ್ಮ ಕಂಬಕ್ಕೊರಗಿ ಕೂತು ಎಲ್ಲ ಕೇಳಿದಳು. ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು, "ಅಲ್ಲಿ ಅವನಿಗೆ ನೀರಾದರೂ ಸಿಗತ್ತೇನೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ವರ್ಷವಾದರೂ ಆ ಪುಸ್ತಕ ಓದಿಸಲು ಒಪ್ಪಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟಿದೆ.

ಆಮೇಲೆ ಬಂದದ್ದು 'ಪಾಸಿಟಿವ್ ಆಗಿರಿ' ಅನ್ನುವ ಜಾತಿಯ ಪುಸ್ತಕಗಳು. ಅವುಗಳ ಬಗ್ಗೆ ಜಾಸ್ತಿ ಹೇಳಲ್ಲ. ವಿಕ್ಟರ್ ಫ್ರಾಂಕಲ್ ಬರೆದ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಕೂಡ ಇಬ್ಬರು ಕೊಟ್ಟರು. ಅದು ದೊಡ್ಡ ಪುಸ್ತಕವೇ, ಸಂಶಯವಿಲ್ಲ. ನಾಜಿ ಕ್ಯಾಂಪುಗಳಲ್ಲಿ ಹೆಂಡತಿ, ತಾಯಿ, ತಂದೆ, ಅಣ್ಣತಮ್ಮ ಎಲ್ಲರನ್ನೂ ಕಳೆದುಕೊಂಡು ಬದುಕಿ ಬಂದ ಮನೋವೈದ್ಯರು ಬರೆದದ್ದು. ಆದರೆ ಬದುಕಿಗೆ ಅರ್ಥವೊಂದಿದ್ದರೆ ಮನುಷ್ಯ ಏನನ್ನಾದರೂ ತಡೆದುಕೊಳ್ಳುತ್ತಾನೆ ಅನ್ನುವ ಮಾತನ್ನು ಆತ್ಮಹತ್ಯೆ ಆದ ಮನೆಯಲ್ಲಿ ಕೂತು ಓದಿ ನೋಡಿ. ಹಾಗಾದರೆ ನಮ್ಮ ಅಣ್ಣನಿಗೆ ನಾವ್ಯಾರೂ ಅರ್ಥ ಆಗಿರಲಿಲ್ವಾ? ಅದನ್ನು ನಾಲ್ಕು ವರ್ಷ ಬಿಟ್ಟು ಓದಿದೆ. ಆಗ ಹಿಡಿಸಿತು. ನೀವೂ ಸದ್ಯಕ್ಕೆ ಮುಟ್ಟಬೇಡಿ ಅನ್ನೋದು ನನ್ನ ಅಭಿಪ್ರಾಯ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ತೀರಾ ಸಣ್ಣ ಪುಸ್ತಕ. ಅಮೆರಿಕದ ಕಾದಂಬರಿಕಾರ ವಿಲಿಯಂ ಸ್ಟೈರನ್ 1990ರಲ್ಲಿ ಬರೆದ 'ಡಾರ್ಕ್‌ನೆಸ್ ವಿಸಿಬಲ್'. ನೂರು ಪುಟವೂ ಇಲ್ಲ. 1985ರಲ್ಲಿ ಒಂದು ಪ್ರಶಸ್ತಿ ತೆಗೆದುಕೊಳ್ಳಲು ಪ್ಯಾರಿಸ್‌ಗೆ ಹೋದಾಗ, ತನಗೆ ಆಗಿರೋದು ಸಣ್ಣ ಬೇಸರ ಅಲ್ಲ, ಕಾಯಿಲೆ ಅಂತ ಅವರಿಗೆ ಗೊತ್ತಾಗುತ್ತದೆ. ಪ್ರಶಸ್ತಿ ಬಂದಿದೆ, ದುಡ್ಡಿದೆ, ಹೆಂಡತಿ ಜೊತೆಗಿದ್ದಾರೆ. ಆದರೂ ಒಳಗಿನಿಂದ ಎಲ್ಲ ಕುಸಿಯುತ್ತಾ ಹೋಗುತ್ತದೆ. ಕೊನೆಗೆ ಸಾಯುವ ತೀರ್ಮಾನಕ್ಕೇ ಬಂದ ರಾತ್ರಿ, ಟೀವಿಯಲ್ಲಿ ನೋಡುತ್ತಿದ್ದ ಸಿನಿಮಾದಲ್ಲಿ ಬ್ರಾಮ್ಸ್ ಸಂಯೋಜಿಸಿದ ಒಂದು ಹಾಡು ಬರುತ್ತದೆ. ಅದು ಅವರ ತಾಯಿ ಹಾಡುತ್ತಿದ್ದ ಹಾಡು. ತಾಯಿ ತೀರಿಕೊಂಡಾಗ ಅವರಿಗೆ ಹದಿಮೂರು ವರ್ಷ. ಆ ಹಾಡು ಕೇಳಿದ್ದೇ ಅವರು ಹೆಂಡತಿಯನ್ನು ಎಬ್ಬಿಸುತ್ತಾರೆ. ಮಾರನೇ ದಿನ ಆಸ್ಪತ್ರೆ ಸೇರಿ, ನಿಧಾನವಾಗಿ ಹುಷಾರಾಗುತ್ತಾರೆ.

'ಡಿಪ್ರೆಶನ್' ಅನ್ನುವ ಪದವೇ ಈ ಕಾಯಿಲೆಗೆ ಸಾಲದು, ತುಂಬಾ ಸಪ್ಪೆ ಪದ ಅಂತ ಸ್ಟೈರನ್ ಜಗಳ ತೆಗೆಯುತ್ತಾರೆ. ಅಲ್ಲಿ ನಾನು ನಿಂತುಬಿಟ್ಟೆ. ನಮ್ಮ ಕನ್ನಡದ್ದು ಇನ್ನೂ ಕಷ್ಟ, ಅಲ್ವಾ? 'ಖಿನ್ನತೆ' ಅಂತ ಮನೆಯಲ್ಲಿ ಯಾರು ಅಂತಾರೆ? ಅದು ಪಠ್ಯಪುಸ್ತಕದಲ್ಲಿ ಇರೋ ಪದ. ನಮ್ಮ ಬಾಯಲ್ಲಿ ಇರೋದು 'ಬೇಜಾರು'. ಕರೆಂಟು ಹೋದರೂ ಬೇಜಾರು, ಬಸ್ಸು ತಪ್ಪಿದರೂ ಬೇಜಾರು. ಅಣ್ಣ ಕೊನೆಯ ಒಂದು ವರ್ಷ ಫೋನು ಮಾಡಿದಾಗಲೆಲ್ಲ "ಬೇಜಾರು ಕಣೇ" ಅಂತಿದ್ದ. ನಾನು "ಎರಡು ದಿನ ರಜೆ ಹಾಕಿ ಊರಿಗೆ ಬಾ" ಅಂತಿದ್ದೆ. ಅವನು ನನಗೆ ಹೇಳಲೇ ಇಲ್ಲ ಅಂತ ಎಷ್ಟೋ ದಿನ ಅವನ ಮೇಲೆ ಸಿಟ್ಟಿತ್ತು. ಸ್ಟೈರನ್ ಓದಿದ ಮೇಲೆ ಗೊತ್ತಾಯಿತು, ಅವನು ಹೇಳಿದ್ದ. ಅವನ ಹತ್ತಿರ ಇದ್ದ ಪದ ಅದೊಂದೇ.

ಆಮೇಲೆ ಶುರುವಾಗೋದು 'ಆವತ್ತು ನಾನು ಹೀಗೆ ಮಾಡಿದ್ದರೆ' ಅನ್ನೋದು. ನಿಮಗೆ ಈಗ ಅದು ಜೋರಾಗಿ ನಡೆಯುತ್ತಿರಬೇಕು. ನನಗೆ ನೆರವಾದದ್ದು ಡೇವಿಡ್ ಬರ್ನ್ಸ್ ಬರೆದ 'ಫೀಲಿಂಗ್ ಗುಡ್', 1980ರದ್ದು. ಹೆಸರು ನೋಡಿದರೆ ಪಾಸಿಟಿವ್ ಗುಂಪಿನದೇ ಅನ್ನಿಸುತ್ತದೆ, ಅಲ್ಲ. ಆರನ್ ಬೆಕ್ ಅನ್ನುವ ಮನೋವೈದ್ಯರು 1960ರ ದಶಕದಲ್ಲಿ ಬೆಳೆಸಿದ ಚಿಕಿತ್ಸೆಯ ವಿಧಾನ ಅದರಲ್ಲಿದೆ. ಪೆನ್ನು ಹಿಡಿದು ಓದಬೇಕು. ಮನಸ್ಸಿಗೆ ಬಂದ ಮಾತನ್ನು ಒಂದು ಕಡೆ ಬರೆಯೋದು, ಅದರಲ್ಲಿ ಎಲ್ಲಿ ಲೆಕ್ಕ ತಪ್ಪಿದೆ ಅಂತ ಪಕ್ಕದಲ್ಲಿ ಬರೆಯೋದು, ಸರಿಯಾದ ಮಾತನ್ನು ಮೂರನೇ ಕಡೆ. ಬ್ಯಾಂಕಿನವಳಿಗೆ ಕಾಲಂ ಹಾಕೋದು ಹೇಳಿಕೊಡಬೇಕಾ? ಹಳೇ ಡೈರಿಯಲ್ಲಿ ಗೀಟು ಎಳೆದು ಬರೆದೆ. ಮೊದಲ ಕಾಲಂ: 'ಗುರುವಾರ ನಾನು ಫೋನ್ ಎತ್ತಿದ್ದರೆ ಅವನು ಉಳಿಯುತ್ತಿದ್ದ.' ಎರಡನೆಯದು: 'ಗುರುವಾರ ಏನಾಗುತ್ತದೆ ಅಂತ ನನಗೆ ಬುಧವಾರ ಗೊತ್ತಿರಲಿಲ್ಲ.' ಮೂರನೆಯದು ಆರು ವಾರ ಖಾಲಿ ಇತ್ತು. ಕೊನೆಗೆ ಬರೆದದ್ದು: 'ಸೋಮವಾರ ಎತ್ತಿದ್ದೆ. ಮಂಗಳವಾರವೂ ಎತ್ತಿದ್ದೆ.' ಸುಮ್ನೆ ಓದಿಕೊಂಡು ಹೋದರೆ ಈ ಪುಸ್ತಕದಿಂದ ಏನೂ ಆಗಲ್ಲ. ಬರೆಯಬೇಕು.

ಹೀಗೆ ಹೋದವರ ಮನೆಯವರಿಗಾಗಿಯೇ ನಮ್ಮ ದೇಶದಲ್ಲಿ ಬಂದ ಪುಸ್ತಕ ಬೇಕಾದರೆ ನಂದಿನಿ ಮುರಳಿಯವರ 'ಲೆಫ್ಟ್ ಬಿಹೈಂಡ್' ನೋಡಿ. 2021ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅವರು ಮದುರೈನವರು. 2017ರಲ್ಲಿ ಗಂಡನನ್ನು ಹೀಗೇ ಕಳೆದುಕೊಂಡರು. ಹೊರಗಿನವರ ಪುಸ್ತಕದಲ್ಲಿ ಇಲ್ಲದ್ದು ಇದರಲ್ಲಿದೆ. ನೆಂಟರು, ಶಾಸ್ತ್ರ, ಜನ ಏನಂದಾರು ಅನ್ನೋದು. ನಮ್ಮ ಮನೆಯಲ್ಲಿ ಎರಡು ವರ್ಷ 'ಹಾರ್ಟ್ ಅಟ್ಯಾಕ್' ಅಂತಲೇ ಹೇಳಿಕೊಂಡು ಬಂದೆವು. ಇಡೀ ಬೀದಿಗೆ ನಿಜ ಗೊತ್ತಿತ್ತು. ಪೇಪರಿನಲ್ಲಿ 'ಆತ್ಮಹತ್ಯೆಗೆ ಶರಣು' ಅಂತ ಬಂದಿತ್ತು. ಶರಣು! ಆ ಪದ ಅಲ್ಲಿಗೆ ಹೇಗೆ ಬಂತೋ.

ಕೇ ರೆಡ್‌ಫೀಲ್ಡ್ ಜಾಮಿಸನ್ ಅವರ 'ನೈಟ್ ಫಾಲ್ಸ್ ಫಾಸ್ಟ್' (1999) ಬಗ್ಗೆ ಒಂದು ಎಚ್ಚರಿಕೆ. ಮನೋವೈದ್ಯಶಾಸ್ತ್ರದ ಪ್ರೊಫೆಸರ್, ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಹುರುಪಿಗೆ, ಒಮ್ಮೆ ತೀರಾ ಖಿನ್ನತೆಗೆ ಹೋಗೋದು) ಇರುವವರು, ಯೌವನದಲ್ಲಿ ತಾವೇ ಸಾವಿನ ಬಾಗಿಲಿಗೆ ಹೋಗಿ ಬಂದವರು. 'ಯಾಕೆ?' ಅನ್ನೋ ಪ್ರಶ್ನೆಗೆ ಅಷ್ಟು ಕೂಲಂಕಷವಾಗಿ ಉತ್ತರ ಕೊಟ್ಟ ಪುಸ್ತಕ ನಾನು ಬೇರೆ ಓದಿಲ್ಲ. ಆದರೆ ಸತ್ತವರ ವಿವರಗಳು ಜಾಸ್ತಿ ಇವೆ. ನಿಮ್ಮ ಮನಸ್ಸೇ ಗಟ್ಟಿ ಇಲ್ಲದಾಗ ಬೇಡ.

ಪುಸ್ತಕದಿಂದ ಕೆಡುಕಾಗುತ್ತಾ ಅಂತ ನಗಬೇಡಿ. ಜರ್ಮನ್ ಸಾಹಿತಿ ಗಯಟೆಯ ವರ್ದರ್ ಕಾದಂಬರಿ 1774ರಲ್ಲಿ ಬಂದ ಮೇಲೆ, ಹುಡುಗರು ಅದರ ನಾಯಕನ ಹಾಗೇ ಸಾಯುತ್ತಿದ್ದಾರೆ ಅಂತ ಗಾಬರಿಯಾಗಿ ಲೈಪ್‌ಜಿಗ್ ನಗರದಲ್ಲಿ ಅದನ್ನು ನಿಷೇಧಿಸಿದ್ದರು. ಸಾವನ್ನು ಚೆಂದ ಮಾಡಿ ತೋರಿಸುವ ಪುಸ್ತಕ ಈಗ ನಿಮ್ಮ ಮನೆಗೆ ಬೇಡ. ಎಷ್ಟೇ ಒಳ್ಳೆಯ ಸಾಹಿತ್ಯ ಆಗಿರಲಿ.

ಇನ್ನೊಂದು, ಐದು ಹಂತಗಳ ವಿಷಯ. ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳೋದು ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸೇ ಇರುತ್ತಾರೆ. ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿರುವ ರೋಗಿಗಳನ್ನು ನೋಡಿ. ಉಳಿದವರಿಗೆ ಅನ್ವಯಿಸಿದ್ದು ಆಮೇಲೆ. ಎರಡನೇ ವರ್ಷವೂ ನನಗೆ ಸಿಟ್ಟೇ ಇತ್ತು. ಫೇಲಾದೆ ಅಂದುಕೊಂಡಿದ್ದೆ.

ಜೋನ್ ಡಿಡಿಯನ್ ಅವರ 'ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್' (2005) ಆತ್ಮಹತ್ಯೆಯ ಪುಸ್ತಕವಲ್ಲ. ಗಂಡ ರಾತ್ರಿ ಊಟಕ್ಕೆ ಕೂತಲ್ಲೇ ಹೃದಯಾಘಾತದಿಂದ ಹೋದ ಕಥೆ. ಆಮೇಲೆ ಆಕೆ ಅವರ ಬಟ್ಟೆ ಕೊಟ್ಟುಬಿಡಲು ಹೊರಡುತ್ತಾರೆ, ಶೂ ಮಾತ್ರ ಕೊಡಲಾಗುವುದಿಲ್ಲ. ವಾಪಸ್ ಬಂದರೆ ಶೂ ಬೇಕಲ್ಲ! ಅದನ್ನು ಓದಿ ನಾನು ಜೋರಾಗಿ ಅತ್ತೆ. ಯಾಕೆಂದರೆ ಅಣ್ಣನ ಮೊಬೈಲ್ ನಂಬರಿಗೆ ನಾನು ಎರಡು ವರ್ಷ ರೀಚಾರ್ಜ್ ಮಾಡಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಹುಚ್ಚು ಹಿಡಿದಿದೆ ಅಂತ ಹೆದರಿಕೊಂಡಿದ್ದೆ. ಸಾವಿರಾರು ಮೈಲಿ ದೂರದ ಒಬ್ಬ ಮುದುಕಿ ಶೂ ಇಟ್ಟುಕೊಂಡು ಕೂತಿದ್ದಾರೆ ಅಂತ ಗೊತ್ತಾದಾಗ ಹಗುರಾಯಿತು.

ಅಮ್ಮನ ವಿಷಯಕ್ಕೆ ಬರೋಣ. ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ಕೇಳಿರುತ್ತೀರಿ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದವರು, 2024ರಲ್ಲಿ ಪದ್ಮಶ್ರೀ ಬಂತು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಅವರಷ್ಟು ಬರೆದವರು ಇನ್ನೊಬ್ಬರಿಲ್ಲ. ತೆಳ್ಳಗಿನ ಪುಸ್ತಕಗಳು, ಹಳ್ಳಿಯವರಿಗೂ ಅರ್ಥವಾಗುವ ಭಾಷೆ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಮಾತ್ರೆ ಇದೆ, ಅದು ಯಾರ ಸೋಮಾರಿತನವೂ ಅಲ್ಲ, ಯಾರು ಸಾಕಿದ ದೋಷವೂ ಅಲ್ಲ. ಇದನ್ನು ನಾನು ಹೇಳಿದರೆ ಅಮ್ಮ ನಂಬುತ್ತಿರಲಿಲ್ಲ. ಡಾಕ್ಟರು ಕನ್ನಡದಲ್ಲಿ ಅಚ್ಚು ಹಾಕಿಸಿದ್ದಕ್ಕೆ ನಂಬಿದಳು.

ಆದರೆ ಅಮ್ಮನ ಬಾಯಿ ಬಿಡಿಸಿದ್ದು 'ಗೃಹಭಂಗ'. ನಾನು ಕೊಟ್ಟಿದ್ದಲ್ಲ, ಕೊಡುವ ಧೈರ್ಯವೂ ಇರಲಿಲ್ಲ. ಲೈಬ್ರರಿಯಿಂದ ಚಿಕ್ಕಮ್ಮ ತಂದಿಟ್ಟಿದ್ದನ್ನು ತಾನೇ ಎತ್ತಿಕೊಂಡಳು. ಅಮ್ಮನ ತವರು ಚನ್ನರಾಯಪಟ್ಟಣದ ಕಡೆ. ಭೈರಪ್ಪನವರು ಬರೆದದ್ದೂ ಅದೇ ಸೀಮೆ, ಅದೇ ಮಾತು, ಅದೇ ಬೈಗುಳ. ಪ್ಲೇಗಿನಲ್ಲಿ ನಂಜಮ್ಮ ಬೆಳೆದ ಮಗಳನ್ನೂ ಮಗನನ್ನೂ ಕಳೆದುಕೊಳ್ಳುತ್ತಾಳಲ್ಲ, ಆ ಭಾಗ ಬಂದಾಗ ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಪುಸ್ತಕ ಕಸಿದುಕೊಳ್ಳಲಾ ಅಂತ ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅವಳು ತಲೆ ಎತ್ತದೆ ಅಂದಳು, "ಇವಳು ಇದಾದ ಮೇಲೂ ಎಲೆ ಹಚ್ಚಬೇಕಲ್ಲೇ, ಲೆಕ್ಕ ಬರೀಬೇಕಲ್ಲೇ." ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಗಂಡನ ಶಾನುಭೋಗಿಕೆ ಲೆಕ್ಕ ತಾನು ಬರೆದು ಸಂಸಾರ ತೂಗಿಸಿದವಳು. ಆಮೇಲೆ ಅಮ್ಮ ಮಾತಾಡಿದ್ದು ನಂಜಮ್ಮನ ಬಗ್ಗೆ ಮಾತ್ರ. ಒಂದು ವಾರ ನಂಜಮ್ಮ, ನಂಜಮ್ಮ. ಎಂಟನೇ ದಿನವೋ ಏನೋ, ಅಣ್ಣನ ಹೆಸರು ಹೇಳಿದಳು. ಭೈರಪ್ಪನವರೂ ಚಿಕ್ಕಂದಿನಲ್ಲೇ ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಅಮ್ಮನಿಗೆ ಅದು ಗೊತ್ತಿರಲಿಲ್ಲ. "ನೋಡದೆ ಬರೆದಿದ್ದಲ್ಲ ಇದು" ಅಂತ ಮಾತ್ರ ಅಂದಿದ್ದಳು.

ನಿಮ್ಮ ಅಮ್ಮನಿಗೆ ಅದೇ ಕೊಡಿ ಅಂತ ಹೇಳ್ತಿಲ್ಲ. ಕೆಲವರಿಗೆ ಅದು ಇನ್ನೂ ಭಾರವಾಗಬಹುದು. ಓದುವ ಅಭ್ಯಾಸ ಇಲ್ಲದವರಾದರೆ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹಾಡು ಹಾಕಿ. ಮಗು ಸತ್ತಾಗ ಹೆಂಡತಿಯ ಮುಖ ನೋಡಲಾಗದ ಗಂಡನ ಮಾತು ಅದು. ಬೇಂದ್ರೆ ಅಷ್ಟೊಂದು ಮಕ್ಕಳನ್ನು ಕಳೆದುಕೊಂಡವರು. ನಮ್ಮಪ್ಪ ಅತ್ತಿದ್ದನ್ನು ನಾನು ನೋಡಿದ್ದು ಆ ಹಾಡಿಗೆ ಮಾತ್ರ.

ಈಗ ಪುಸ್ತಕಕ್ಕೆ ಸಂಬಂಧ ಇಲ್ಲದ, ಆದರೆ ಬಿಡಲಾಗದ ಮಾತು. ಏಳು ತಿಂಗಳಿಂದ ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. "ಸಾಯಬೇಕು ಅನ್ನಿಸ್ತಿದೆಯಾ ಅಮ್ಮ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ನಿಮಗೇ ಹಾಗನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಯಿತು. ನಮ್ಮ ಕಾಲಕ್ಕೆ ಇರಲಿಲ್ಲ. ನನಗೆ ಒಂದೂವರೆ ವರ್ಷ ಮಾತ್ರೆಯೂ ಬೇಕಾಯಿತು, ಪುಸ್ತಕ ಅದಕ್ಕೆ ಬದಲಿ ಆಗಲಿಲ್ಲ.

ನಿಮ್ಮ ತಮ್ಮನ ಪುಸ್ತಕಗಳು ಮನೆಯಲ್ಲಿದ್ದರೆ ಯಾರಿಗೂ ಕೊಡಬೇಡಿ, ಸದ್ಯಕ್ಕೆ. ಅಣ್ಣ ಅರ್ಧ ಓದಿಟ್ಟಿದ್ದ 'ಕರ್ವಾಲೊ' ನನ್ನ ಹತ್ತಿರ ಇದೆ. ಒಳಗೆ ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದ. ಮಿಷನ್ನಿನಲ್ಲಿ ಬರುವ ಟಿಕೆಟ್ಟು ನೋಡಿ, ಅಕ್ಷರವೆಲ್ಲ ಅಳಿಸಿಹೋಗಿ ಬರೀ ಬಿಳಿ ಚೀಟಿ ಆಗಿದೆ. ನಾನು ಕಳೆದ ವರ್ಷ ಪುಸ್ತಕ ಶುರುವಿನಿಂದ ಓದಿದೆ. ಟಿಕೆಟ್ ಇದ್ದ ಪುಟಕ್ಕೆ ಬಂದಾಗ ಅದನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋದೆ.

ಅಮ್ಮ ಮೊದಲು ಏನು ಓದುತ್ತಿದ್ದರು, ಯಾವ ಊರಿನ ಕಡೆಯವರು ಅಂತ ತಿಳಿಸಿ. ಗೊತ್ತಿದ್ದರೆ ಹೇಳ್ತೀನಿ.